ಹತ್ತು ಸುತ್ತಿನ ತಂತಿ

ದೂರು ಠಾಣೆಗೆ ಬಂದದ್ದು 2007ರ ವಿಜಯದಶಮಿಯ ಬೆಳಗ್ಗೆ. ಹಬ್ಬದ ದಿನ ಯಾರಾದರೂ ಠಾಣೆಯ ಮೆಟ್ಟಿಲು ಹತ್ತಿದರೆ ಅದು ಸಿಹಿ ಕೊಡಲಿಕ್ಕಂತೂ ಅಲ್ಲ ಎನ್ನುವುದು ಪಿ.ಎಸ್.ಐ. ಶಂಭುಲಿಂಗನಿಗೆ ಇಷ್ಟು ವರ್ಷದ ನೌಕರಿಯಲ್ಲಿ ಚೆನ್ನಾಗಿ ಗೊತ್ತಾಗಿತ್ತು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಆ ಠಾಣೆ ಹೆಸರಿಗಷ್ಟೇ ಬಿಳಿ ಬಣ್ಣದ್ದು. ಹಗಲಿರುಳು ಓಡುವ ಅದಿರಿನ ಲಾರಿಗಳು ಅದನ್ನು ಎಂದೋ ಕೆಂಪು ಮಾಡಿಬಿಟ್ಟಿದ್ದವು. ಟೇಬಲ್ಲು, ಫೈಲು, ಕುಡಿಯುವ ನೀರಿನ ಲೋಟ, ಎಲ್ಲದರ ಮೇಲೂ ಧೂಳು. ಒರೆಸಿ ಒರೆಸಿ ಸಾಕಾಗಿ ಈಗ ಯಾರೂ ಒರೆಸುತ್ತಿರಲಿಲ್ಲ.

ಬಂದವಳು ಕಂಪ್ಲಿ ಕಡೆಯ ಹೊನ್ನೂರಮ್ಮ. ಭತ್ತದ ಗದ್ದೆಯಲ್ಲಿ ನಾಟಿ ಹಚ್ಚುವ ಕೂಲಿ ಹೆಂಗಸು. ಕುರ್ಚಿ ತೋರಿಸಿದರೂ ಕೂರದೆ ಗೋಡೆಗೆ ಒರಗಿ ನಿಂತಳು.

“ಕುಂದ್ರಿ ಯವ್ವಾ.”

“ಕುಂದ್ರಾಕ ಬಂದಿಲ್ರಿ ಸಾಹೇಬ್ರ. ನಮ್ ತಂಗಿ ಕೊಟ್ರಮ್ಮ ನಿನ್ನೆ ಯಾರ್ಡಿನಾಗ ಸತ್ತಾಳ. ಹಾರ್ಟ್ ಫೇಲ್ ಅಂತಾರ ಎಲ್ರೂ. ಸುಳ್ಳದು. ಆಕಿ ಕರೆಂಟ್ ಹೊಡದು ಸತ್ತಾಳ.”

ವಿಷಯ ಶಂಭುಲಿಂಗನಿಗೆ ಗೊತ್ತಿತ್ತು. ಹಿಂದಿನ ದಿನ ಆಯುಧಪೂಜೆ. ಠಾಣೆಯಿಂದ ಎರಡು ಕಿಲೋಮೀಟರ್ ದೂರದ ಅದಿರಿನ ಸ್ಟಾಕ್‌ಯಾರ್ಡಿನಲ್ಲಿ ಡ್ರೈವರುಗಳಿಗೆ ಚಹಾ ಮಾಡಿಕೊಡುತ್ತಿದ್ದ ಹೆಂಗಸೊಬ್ಬಳು ಮಧ್ಯಾಹ್ನ ಪಂಪ್‌ಹೌಸಿನ ನಲ್ಲಿಯ ಹತ್ತಿರ ಬಿದ್ದಿದ್ದಳು. ಮ್ಯಾನೇಜರ್ ಹಂಪೇಶ್ ಜೀಪಿನಲ್ಲಿ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಹೆಡ್ ಕಾನ್‌ಸ್ಟೇಬಲ್ ಪಕ್ಕೀರಪ್ಪ ಆಸ್ಪತ್ರೆಗೆ ಹೋಗಿ ಅಸಹಜ ಸಾವು ಎಂದು ಯು.ಡಿ.ಆರ್. ಬರೆದುಕೊಂಡು ಬಂದಿದ್ದ. ಈಗ ಅದನ್ನೇ ತೆಗೆದು ಹೊನ್ನೂರಮ್ಮನಿಗೆ ಕೇಳುವಂತೆ ಓದಿದ.

“ಮೃತಳ ಹೆಸರು ಕೊಟ್ರಮ್ಮ ಉರುಫ್ ಕರೆಂಟಮ್ಮ, ವಯಸ್ಸು ಸುಮಾರು ಮೂವತ್ತನಾಲ್ಕು...”

“ಆ ಹೆಸರು ಯಾಕ ಬರದ್ರಿ?” ಹೊನ್ನೂರಮ್ಮನ ದನಿ ಏರಿತು.

ಪಕ್ಕೀರಪ್ಪ ತಬ್ಬಿಬ್ಬಾದ. “ಯಾರ್ಡಿನ ಮಂದಿ ಹಂಗ ಅಂದ್ರು. ಉರುಫ್ ಇದ್ರ ಬರೀಬೇಕು ನಾವು.”

“ಅದು ಹೆಸರಲ್ರಿ, ಆಡ್ಕೊಂಡಿದ್ದು. ನಲ್ಲಿ ಮುಟ್ಟಿದ್ರ ಜುಮ್ ಅಂತೈತಿ, ಕರೆಂಟ್ ಬರಾಕತ್ತೈತಿ ಅಂತ ನಮ್ ತಂಗಿ ಭಾಳ ದಿನದಿಂದ ಬಡ್ಕೊಂತಿದ್ಲು. ಅಲ್ಲಿ ಎಲೆಕ್ಟ್ರಿಷನ್ ಕಾಳಪ್ಪ ಅಂತ ಅದಾನ. ಅವ ಮೀಟರ್ ಹಚ್ಚಿ ಸೊನ್ನಿ ತೋರ್ಸಿ, ನಿನಗ ಹುಚ್ಚು ಹಿಡದೈತಿ ಅಂದ. ಅವತ್ತಿಂದ ಎಲ್ರೂ ಕರೆಂಟಮ್ಮ, ಕರೆಂಟಮ್ಮ ಅಂತ ನಗಾಕತ್ರು. ಸತ್ತ ಮ್ಯಾಲೂ ಅದನ್ನ ಬರೀತೀರೇನ್ರಿ? ನನಗ ಬ್ಯಾರೆ ಏನೂ ಬ್ಯಾಡ. ನಮ್ ತಂಗಿ ಸುಳ್ಳು ಹೇಳಿರ್ಲಿಲ್ಲ ಅಂತ ಬರಕೊಡ್ರಿ.”

ಶಂಭುಲಿಂಗನಿಗೆ ಕರುಳು ಚುರುಕ್ಕೆಂದಿತು. ಆದರೆ ಪೊಲೀಸರಿಗೆ ಕರುಳಿನ ಮೇಲೆ ಪಂಚನಾಮೆ ಬರೆಯಲು ಬರುವುದಿಲ್ಲ. ಅವಳ ದೂರನ್ನು ಬರೆಸಿಕೊಂಡು, ಹೆಬ್ಬೆಟ್ಟು ಒತ್ತಿಸಿಕೊಂಡು, ಜೀಪು ತೆಗೆಯಲು ಹೇಳಿದ.

ಯಾರ್ಡಿನಲ್ಲಿ ಅಂದು ಕೆಲಸವಿರಲಿಲ್ಲ. ಚೀನಾಕ್ಕೆ ಹೋಗಬೇಕಾದ ಅದಿರು ಗುಡ್ಡಗುಡ್ಡವಾಗಿ ಬಿದ್ದಿತ್ತು. ಸಾಲಾಗಿ ನಿಂತ ಲಾರಿಗಳ ಮೂತಿಗೆ ಬಾಳೆಕಂಬ, ಚೆಂಡುಹೂವು. ಗೇಟಿನ ಎದುರು ಒಡೆದ ಬೂದುಗುಂಬಳಕಾಯಿ ಬಿಸಿಲಿಗೆ ಒಣಗುತ್ತಿತ್ತು. ಪಂಪ್‌ಹೌಸ್ ಎಂದರೆ ತಗಡಿನ ಮಾಡಿನ ಒಂದು ಸಣ್ಣ ಕೋಣೆ. ಒಳಗೆ ಮೋಟಾರು, ಗೋಡೆಗೆ ಸ್ಟಾರ್ಟರ್ ಬಾಕ್ಸು, ಕಬ್ಬಿಣದ ಪೈಪಿಗೆ ಒಂದು ನಲ್ಲಿ. ಕೆಳಗೆ ಸದಾ ಒದ್ದೆಯಾಗಿರುವ ಹಾಸುಗಲ್ಲು.

ಪಂಚರಿಬ್ಬರನ್ನು ನಿಲ್ಲಿಸಿಕೊಂಡು ಪಕ್ಕೀರಪ್ಪ ಬರೆಯತೊಡಗಿದ. ಹೊಸ್ತಿಲ ಮುಂದೆ ರಂಗೋಲಿ. ರಂಗೋಲಿಯಾಚೆ ಒಂದು ಜೊತೆ ಹೆಂಗಸಿನ ರಬ್ಬರ್ ಚಪ್ಪಲಿ, ಎಡಗಾಲಿನ ಉಂಗುಷ್ಟಕ್ಕೆ ತಂತಿ ಕಟ್ಟಿದ್ದು. ಒಳಗೆ ಒಂದು ಸಿಲ್ವರ್ ಕೊಡ, ಉರುಳಿದ್ದು. ಮೂಲೆಯಲ್ಲಿ ಒಂದು ಮರದ ಮಣೆ. ಮೋಟಾರಿಗೆ, ಬಾಕ್ಸಿಗೆ ವಿಭೂತಿ, ಕುಂಕುಮ. ಎಲ್ಲವೂ ಕಾಗದಕ್ಕೆ ಇಳಿಯಿತು. ಮಣೆ ಯಾಕೆ ಅಲ್ಲಿತ್ತು ಎಂದು ಆ ಹೊತ್ತಿಗೆ ಯಾರೂ ಕೇಳಲಿಲ್ಲ, ಶಂಭುಲಿಂಗನೂ ಕೇಳಲಿಲ್ಲ.

ಎಲೆಕ್ಟ್ರಿಷನ್ ಕಾಳಪ್ಪನನ್ನು ಕರೆಸಿದರು. ನಲವತ್ತರ ಗಂಡಸು, ಇಸ್ತ್ರಿ ಮಾಡಿದ ಅಂಗಿ. ಸೊಂಟದ ಬೆಲ್ಟಿಗೆ ಚರ್ಮದ ಚೀಲ, ಚೀಲದಲ್ಲಿ ಮೀಟರು. ಏಡಿಯ ಕೊಂಡಿಯಂತೆ ಬಾಯಿ ತೆರೆಯುವ ಆ ಕ್ಲಾಂಪ್ ಮೀಟರಿನ ಬೆನ್ನಿಗೂ ಕುಂಕುಮ ಹಚ್ಚಿದ್ದ.

“ಕೊಟ್ರಮ್ಮ ನಲ್ಲಿಯೊಳಗ ಕರೆಂಟ್ ಐತಿ ಅಂತ ಹೇಳಿದ್ಲಾ?”

“ಹೇಳಿದ್ಲು ಸರ್. ನಾನು ಎಲ್ರ ಮುಂದನ ಚೆಕ್ ಮಾಡಿ ತೋರ್ಸೀನಿ. ಏನೂ ಇರ್ಲಿಲ್ಲ.”

“ಈಗ ತೋರ್ಸು.”

ಕಾಳಪ್ಪ ಮೋಟಾರು ಚಾಲೂ ಮಾಡಿದ. ಬಾಕ್ಸಿನ ಕೆಳಗಿನಿಂದ ನೆಲಕ್ಕಿಳಿಯುವ ಹಸಿರು ಅರ್ಥ್ ತಂತಿಗೆ ಮೀಟರಿನ ಬಾಯಿ ಹಾಕಿ ಸಾಹೇಬರ ಕಣ್ಣಿಗೆ ಹಿಡಿದ. 00.0.

“ಮೋಟಾರಿನಿಂದ ಲೀಕ್ ಆಗಿದ್ರ ಈ ತಂತಿಯೊಳಗ ಹರೀಬೇಕು ಸರ್. ಸೊನ್ನಿ ನೋಡ್ರಿ. ಮಷೀನ್ ಸುಳ್ಳು ಹೇಳ್ತೈತೇನ್ರಿ?”

ಮಷೀನ್ ಸುಳ್ಳು ಹೇಳುವುದಿಲ್ಲ ಎಂದು ಶಂಭುಲಿಂಗನಿಗೂ ಅನ್ನಿಸಿತು. ಅಂಕಿ ಕಣ್ಣೆದುರಿಗಿತ್ತು. ಪಂಚನಾಮೆಗೆ ಅದನ್ನೂ ಸೇರಿಸಲು ಹೇಳಿದ. ಆದರೂ ಹೊನ್ನೂರಮ್ಮನ ಮುಖ ನೆನಪಾಗಿ, ಇರಲಿ ಎಂದು ಮೋಟಾರು ಆರಿಸಿ, ಬಾಗಿಲಿಗೆ ಬೀಗ ಹಾಕಿಸಿ ಅರಗಿನ ಮುದ್ರೆ ಒತ್ತಿಸಿದ. ಮೀಟರನ್ನೂ ಜಪ್ತಿ ಮಾಡಿದ. ಅದನ್ನು ಕೊಡುವಾಗ ಮಾತ್ರ ಕಾಳಪ್ಪನ ಮುಖ ಹುಳ್ಳಗಾಯಿತು.

ಸಂಜೆ ಕಾಳಪ್ಪ ಠಾಣೆಗೇ ಬಂದು ಸಾಹೇಬರ ಕೈಗೆ ಬನ್ನಿ ಎಲೆ ಇಟ್ಟ. “ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ.” ಹಬ್ಬದ ಮಾತಿಗೆ ಯಾರು ಬೇಡ ಎನ್ನುತ್ತಾರೆ? ಶಂಭುಲಿಂಗ ತೆಗೆದು ಜೇಬಿಗೆ ಹಾಕಿಕೊಂಡ.

ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರು ಮರುದಿನ ಹೇಳಿದ್ದಿಷ್ಟು: ಹೆಂಗಸಿನ ಹೃದಯಕ್ಕೆ ರೋಗ ಇರಲಿಲ್ಲ. ವಿಷದ ಲಕ್ಷಣ ಕಾಣುತ್ತಿಲ್ಲ, ಪರೀಕ್ಷೆಗೆ ಕಳಿಸಿದ್ದೇನೆ. ಬಲ ಅಂಗೈಯಲ್ಲಿ ಎಳ್ಳುಕಾಳಿನಷ್ಟು ಬಿಳಿ ಗುರುತು ಇದೆ. ಕೊಡ ಉಜ್ಜಿ ಉಜ್ಜಿ ಆದದ್ದೂ ಇರಬಹುದು, ಕರೆಂಟಿನದ್ದೂ ಇರಬಹುದು.

“ಕರೆಂಟ್ ಹೊಡದ್ರ ಸುಟ್ಟ ಗಾಯ ಇರಬೇಕಲ್ರಿ ಡಾಕ್ಟ್ರೇ?”

“ಕೈ ಒದ್ದಿ ಇದ್ರ, ಕರೆಂಟ್ ಸಣ್ಣದಿದ್ರ, ಏನೂ ಇರಲ್ಲ. ಕೈ ಹಿಡಕೊಂಡುಬಿಡ್ತದ. ಬಿಡಿಸ್ಕೊಳ್ಳಾಕ ಆಗಲ್ಲ. ಸುಡೋದಕ್ಕೆ ಬೇಕಾದಷ್ಟು ಕರೆಂಟ್ ಕೊಲ್ಲೋದಕ್ಕೆ ಬೇಕಿಲ್ಲ.”

ಸಣ್ಣ ಕರೆಂಟು. ಆ ಮಾತು ಶಂಭುಲಿಂಗನ ತಲೆಯಲ್ಲಿ ಕೂತುಬಿಟ್ಟಿತು. ಠಾಣೆಗೆ ಬಂದವನೇ ಬಳ್ಳಾರಿಯ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಪತ್ರ ಬರೆಸಿ, ಪತ್ರ ನಿಧಾನವಾಗಿ ಹೋಗುತ್ತದೆಂದು ಪಕ್ಕೀರಪ್ಪನನ್ನೇ ಅದರ ಜೊತೆಗೆ ಅಟ್ಟಿದ.

ಮೂರನೆಯ ದಿನ ಬಂದವರು ಸಹಾಯಕ ಪರಿವೀಕ್ಷಕಿ ಶೈಲಶ್ರೀ. ಮೂವತ್ತರೊಳಗಿನ ಹುಡುಗಿಯನ್ನು ನೋಡಿ ಮ್ಯಾನೇಜರ್ ಹಂಪೇಶ್ ಮೂಗು ಮುರಿದ. ಅವರು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಪಂಚರೆದುರು ಮುದ್ರೆ ಒಡೆಸಿ ಒಳಗೆ ಹೋದರು. ಕಾಲಿಗೆ ದಪ್ಪ ಬೂಟು ಇತ್ತು. ಜಪ್ತಿಯಾದ ಮೀಟರನ್ನು ಕೇಳಿ ಪಡೆದು ಬೆಳಕಿಗೆ ಹಿಡಿದರು.

“ಸರ್, ಇದರ ಬಾಯಿ ನೋಡ್ರಿ. ಎರಡು ತುಟಿ ಸರಿಯಾಗಿ ಕೂಡಬೇಕು. ಅದಿರಿನ ಧೂಳು ಕಚ್ಚಿಕೊಂಡು ಸಂದಿ ಬಿಟ್ಟಿದೆ. ಇದ್ದದ್ದಕ್ಕಿಂತ ಕಡಿಮೆಯೇ ತೋರಿಸುತ್ತೆ. ಆದರೆ ಅದೂ ದೊಡ್ಡ ಮಾತಲ್ಲ. ಇದು ನಾನೂರು ಆಂಪಿಯರ್‌ವರೆಗೆ ಅಳೆಯೋ ಮೀಟರು. ಇದಕ್ಕೆ ಕಾಣೋ ಅತಿ ಸಣ್ಣ ಅಳತೆ ಅಂದರೆ ಒಂದು ಆಂಪಿಯರ್‌ನಲ್ಲಿ ಹತ್ತನೇ ಒಂದು ಪಾಲು. ಅದರಲ್ಲೂ ಕೊನೇ ಅಂಕಿ ನಾಲ್ಕೈದು ಆಚೀಚೆ ಆದರೆ ತಪ್ಪಲ್ಲ ಅಂತ ಮಾಡಿದವರೇ ಹೇಳಿರ್ತಾರೆ. ಮನುಷ್ಯನ ಎದೆ ನಿಲ್ಲಿಸೋದಕ್ಕೆ ಅದರ ಅರ್ಧವೂ ಬೇಡ.”

“ಅಂದ್ರ ಸೊನ್ನಿ ಅಂದ್ರ ಸೊನ್ನಿ ಅಲ್ಲ?”

“ನಿಮ್ಮ ವೇಬ್ರಿಜ್ ಮೇಲೆ ಲಾರಿ ತೂಗ್ತಾರಲ್ಲ, ಅದರ ಮೇಲೆ ಒಂದು ಚಿಟಿಕೆ ಕುಂಕುಮ ಇಡ್ರಿ. ಸೊನ್ನೆ ತೋರಿಸುತ್ತೆ. ಕುಂಕುಮ ಇಲ್ಲ ಅಂತ ಅರ್ಥವೇ?”

ಶಂಭುಲಿಂಗ ಪಕ್ಕೀರಪ್ಪನ ಕೈಯಲ್ಲಿದ್ದ ಫೈಲಿನ ಕಡೆ ನೋಡಿದ. ಅದೇ ಸೊನ್ನೆಯನ್ನು ತಾನೂ ಪಂಚನಾಮೆಯಲ್ಲಿ ಬರೆಸಿದ್ದ.

ಶೈಲಶ್ರೀ ತಮ್ಮ ಚೀಲದಿಂದ ಸಣ್ಣ ಕರೆಂಟಿಗೆಂದೇ ಇರುವ ಬೇರೆ ಕ್ಲಾಂಪ್ ಮೀಟರು ತೆಗೆದು, ಮೋಟಾರು ಚಾಲೂ ಮಾಡಿಸಿ, ಅದೇ ಹಸಿರು ತಂತಿಗೆ ಹಾಕಿದರು. ನಲವತ್ತೊಂದು ಮಿಲಿಆಂಪಿಯರ್. ಮೋಟಾರಿನೊಳಗೆ ತಂತಿ ಸುತ್ತುಗಳ ಹೊದಿಕೆ ಸವೆದು ಕರೆಂಟು ಸೋರುತ್ತಿತ್ತು. ಹಸಿರು ತಂತಿಯನ್ನು ಹೂತಿದ್ದ ಅರ್ಥ್ ಗುಂಡಿ ಒಣಗಿ ಕಲ್ಲಾಗಿದ್ದರಿಂದ ಅಷ್ಟೂ ಕರೆಂಟು ನೆಲಕ್ಕೆ ಇಳಿಯಲಾರದೆ ಪೈಪಿನಲ್ಲೇ ಕಾದು ಕೂತಿತ್ತು. ಒದ್ದೆ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ನಲ್ಲಿ ಹಿಡಿದವರೇ ಅದಕ್ಕೆ ದಾರಿ.

ಇಲ್ಲಿಗೆ ಮುಗಿದಿದ್ದರೆ ಇದು ನಿರ್ಲಕ್ಷ್ಯದ ಕೇಸು. ಆದರೆ ಮೋಟಾರು ಆರಿಸಿ, ಕೀಲಿ ತರಿಸಿ ಬಾಕ್ಸಿನ ಮುಚ್ಚಳ ತೆರೆದ ಶೈಲಶ್ರೀ ಒಳಗೆ ಬಗ್ಗಿ ನೋಡಿ ಸುಮ್ಮನೆ ನಿಂತುಬಿಟ್ಟರು.

“ಸರ್, ಬರ್ರಿ ಇಲ್ಲಿ.”

ಬಾಕ್ಸಿನೊಳಗೆ ಹಸಿರು ತಂತಿಯ ಉದ್ದನೆಯ ಬಾಲವಿತ್ತು. ಅದು ನೆಟ್ಟಗಿರಲಿಲ್ಲ. ಟೆಲಿಫೋನಿನ ತಂತಿಯಂತೆ ಸುರುಳಿ ಸುರುಳಿಯಾಗಿತ್ತು.

“ಒಂಟಿ ಎಳೆಯ ತಾಮ್ರ. ಒಮ್ಮೆ ಸುತ್ತಿದರೆ ಆಕಾರ ಬಿಡಲ್ಲ. ಸುರುಳಿ ಎಣಿಸಿ.”

ಶಂಭುಲಿಂಗ ಎಣಿಸಿದ. ಹತ್ತು.

“ಇಂಥ ಒರಟು ಮೀಟರಿನಲ್ಲಿ ಸಣ್ಣ ಕರೆಂಟು ಹಿಡಿಯೋದಕ್ಕೆ ಒಂದು ಉಪಾಯ ಇದೆ. ತಂತೀನ ಮೀಟರಿನ ಬಾಯೊಳಗೆ ಹತ್ತು ಸಲ ಸುತ್ತಿದರೆ ಅದಕ್ಕೆ ಹತ್ತು ಪಟ್ಟು ಕಾಣುತ್ತೆ. ಬಂದದ್ದನ್ನ ಹತ್ತರಿಂದ ಭಾಗಿಸೋದು. ಪೂರ್ತಿ ನಂಬೋ ಲೆಕ್ಕ ಅಲ್ಲ, ಆದರೆ ಸೊನ್ನೆ ಅಲ್ಲ ಅಂತಂತೂ ಗೊತ್ತಾಗುತ್ತೆ.” ಅವರು ಜಪ್ತಿ ಮೀಟರಿನ ತುಟಿ ಒರೆಸಿ, ಅದೇ ಸುರುಳಿಯನ್ನು ಅದರ ಬಾಯಿಗೆ ಏರಿಸಿದರು. ಅಳತೆ ಮಾಡಿ ಸುತ್ತಿದಂತೆ ಕೂತಿತು. ಮೋಟಾರು ಚಾಲೂ ಆಯಿತು. 00.4.

“ಯಾರೋ ಮೊದಲೇ ಅಳೆದಿದ್ದಾರೆ ಸರ್. ಅವರಿಗೆ ಗೊತ್ತಿತ್ತು.”

ಗೊತ್ತಿಲ್ಲದೆ ಆದ ಸಾವು ಬೇರೆ, ಗೊತ್ತಿದ್ದೂ ಬಿಟ್ಟ ಸಾವು ಬೇರೆ. ಆದರೆ ಯಾವಾಗ ಅಳೆದದ್ದು? ಸತ್ತ ಮೇಲೆ ಯಾರೋ ಹೆದರಿ ಅಳೆದಿರಲೂಬಹುದಲ್ಲ? ಅವನು ಟಾರ್ಚು ತರಿಸಿ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಸುರುಳಿಗಳ ಮೇಲೆ ಅದಿರಿನ ಧೂಳು ತೆಳ್ಳಗೆ ಕೂತಿತ್ತು. ಧೂಳಿನ ಮೇಲೆ ಅರಿಶಿನ ಕುಂಕುಮದ ನೀರಿನ ಹನಿಗಳು ಒಣಗಿದ್ದವು, ಸುರುಳಿಯ ಹೊರಮೈಗೆ ಮಾತ್ರ. ಒಳಮೈಗೆ ಒಂದು ಹನಿಯೂ ಇಲ್ಲ. ಪೂಜೆಯ ಹೊತ್ತಿಗೇ ತಂತಿ ಸುರುಳಿಯಾಗಿತ್ತು. ಪೂಜೆ ಆದದ್ದು ಬೆಳಗ್ಗೆ, ಕೊಟ್ರಮ್ಮ ಸತ್ತದ್ದು ಮಧ್ಯಾಹ್ನ. ಅಷ್ಟು ಧೂಳು ಕೂರಬೇಕಾದರೆ ಇನ್ನೂ ಹಲವು ದಿನ ಹಿಂದಿನ ಕೆಲಸ.

“ಪಕ್ಕೀರಪ್ಪ, ಇದನ್ನ ಫೋಟೋ ತಗಸು. ಆಮ್ಯಾಲೆ ತಂತಿ ಕೈ ಹಚ್ಚದಂಗ ಕತ್ತರಿಸಿ ಜಪ್ತಿ ಮಾಡು.”

ಗೇಟಿನ ವಾಚ್‌ಮನ್ ಕೆಂಚಣ್ಣನನ್ನು ಕರೆದು ಮರದ ಕೆಳಗೆ ಕೂರಿಸಿದರು. ಮುದುಕನಿಗೆ ಪೊಲೀಸರೆಂದರೆ ನಡುಕ.

“ಪೂಜಿ ಯಾರ್ ಮಾಡಿದ್ರು?”

“ಕಾಳಪ್ಪನ ರೀ. ಪ್ರತಿ ವರ್ಷ ಅವನ.”

“ನೀವೆಲ್ಲಾ ಒಳಗ ಹೋಗಿದ್ರ್ಯಾ?”

“ಇಲ್ರಿ, ಹೊಸ್ತಿಲ ಹೊರಗ ನಿಂತಿದ್ವಿ. ಚಪ್ಪಲಿ ಹೊರಗ ಬಿಡ್ರಿ, ಎರಡು ದಿನ ಯಾರೂ ಚಪ್ಪಲಿ ಹಾಕ್ಕೊಂಡು ಒಳಗ ಬರಬ್ಯಾಡ್ರಿ ಅಂತ ಅವನ ಕೂಗಿ ಹೇಳಿದ. ಆಮ್ಯಾಲೆ ಬಾಕ್ಸ್ ತಗದು ಕುಂಕುಮದ ನೀರು ಚಿಮುಕಿಸಿ, ಆರತಿ ಮಾಡಿ, ಮೋಟ್ರು ಒಂದ್ ಸಲ ಚಾಲೂ ಮಾಡಿದ.”

“ಅವನೂ ಬರಿಗಾಲ?”

“ಹೂಂ ರೀ. ಆದ್ರ ಮಣಿ ತರಿಸ್ಕೊಂಡ. ನಾನ ಆಫೀಸಿಂದ ತಂದುಕೊಟ್ಟೆ. ಅದರ ಮ್ಯಾಲೆ ನಿಂತು ಪೂಜಿ ಮಾಡಿದ. ಇಷ್ಟ್ ವರ್ಷ ಮಣಿ ಕೇಳಿದ್ದಿಲ್ಲ. ಈ ಸಲ ಏನ್ ಮಡಿನಪಾ ಇವಂದು ಅಂತ ನಾವು ನಕ್ವಿ.”

ಪಕ್ಕೀರಪ್ಪನ ಪೆನ್ನು ನಿಂತಿತು. ಶಂಭುಲಿಂಗ ತನ್ನದೇ ಪಂಚನಾಮೆಯ ಆ ಸಾಲನ್ನು ನೆನೆದ. ಮೂಲೆಯಲ್ಲಿ ಒಂದು ಮರದ ಮಣೆ. ಥೂ, ಬರೆಸಿದ ಕೈಗೆ ಕೇಳುವ ಬುದ್ಧಿ ಬರಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ.

“ಕೊಟ್ರಮ್ಮ ದಿನಾ ನೀರು ಹಿಡಿಯೋವಾಗ?”

“ಆಕಿ ಚಪ್ಪಲಿ ಬಿಡ್ತಿದ್ದಿಲ್ರಿ ಯಾವತ್ತೂ. ಚಪ್ಪಲಿ ಇದ್ರ ಜುಮ್ ಅನ್ನಲ್ಲ ಅಂತಿದ್ಲು. ಅವತ್ತು ರಂಗೋಲಿ ಇತ್ತಲ್ರಿ. ದೇವರ ಕೆಲಸ ಅಂತ ಬಿಟ್ಟು ಹೋಗ್ಯಾಳ.” ಕೆಂಚಣ್ಣ ಟವೆಲ್ಲಿನಿಂದ ಕಣ್ಣು ಒತ್ತಿಕೊಂಡ. “ನಾನೂ ಕರೆಂಟಮ್ಮ ಅಂತಿದ್ದೆ ರೀ ಸಾಹೇಬ್ರ.”

ಅಂದೇ ಸಂಜೆ ಎಫ್.ಐ.ಆರ್. ದಾಖಲಾಯಿತು. ಕಾಳಪ್ಪನನ್ನು ಮನೆಯಿಂದ ಕರೆತಂದು ಠಾಣೆಯ ಒಳಕೋಣೆಯಲ್ಲಿ ಕೂರಿಸಿದರು. ಮೇಜಿನ ಮೇಲೆ ಕಾಗದದ ಮೇಲಿಟ್ಟ ಹಸಿರು ತಂತಿಯ ಸುರುಳಿ.

“ಪಂಪ್‌ಹೌಸ್ ಕೀಲಿ ಯಾರ ಹತ್ರ?”

“ಕೋಣಿದು ತೆರದ ಇರ್ತೈತ್ರಿ. ಬಾಕ್ಸಿಂದು ನನ್ ಹತ್ರ.”

“ಮೀಟ್ರು?”

“ನಂದು.”

“ಯಾರ್ಡಿನಾಗ ಇನ್ನೊಂದು ಐತೇನು?”

“ಇಲ್ರಿ.”

“ಈ ತಂತಿ ಯಾರು ಸುತ್ತಿದ್ದು?”

“ಗೊತ್ತಿಲ್ರಿ. ಮೊದ್ಲಿಂದ ಹಂಗ ಇತ್ತೇನೋ.”

“ಇದ್ದಿರಬಹುದು. ಪೂಜಿ ದಿನ ಮಣಿ ಯಾಕ ತರಿಸ್ಕೊಂಡಿ?”

ಕಾಳಪ್ಪ ಸುರುಳಿಯಿಂದ ಕಣ್ಣು ತೆಗೆದು ಕಿಟಕಿಯತ್ತ ನೋಡಿದ. ಹೊರಗೆ ರಸ್ತೆಯಲ್ಲಿ ಲಾರಿಗಳು ಮತ್ತೆ ಓಡಲು ಶುರುವಾಗಿದ್ದವು. ಕಿಟಕಿಯ ಸರಳು ಅದುರುತ್ತಿತ್ತು.

“ಕೇಳಿದ್ದು ಕೇಳ್ತಾ ಇಲ್ಲೇನಲೇ? ನೀನು ಮಣಿ ಮ್ಯಾಲೆ ನಿಂತಿ. ಉಳಿದವ್ರಿಗೆ ಚಪ್ಪಲಿ ಬಿಡ್ರಿ ಅಂದಿ. ಯಾಕ?”

“ಪದ್ಧತಿ ರೀ ಅದು... ಪ್ರತಿ ವರ್ಷ ಅಂತಿದ್ದೆ. ಬಾಯಿಗೆ ಬಂದುಬಿಡ್ತು.” ಅವನು ಕುರ್ಚಿಯ ಅಂಚಿಗೆ ಸರಿದ. “ಅಂದ ಮ್ಯಾಲೆ ನೆನಪಾತ್ರಿ. ಅಷ್ಟೊತ್ತಿಗೆ ಎಲ್ರೂ ಬಿಟ್ಟಿದ್ರು.”

“ನೆನಪಾದ ಮ್ಯಾಲೆ ಹೇಳಬಹುದಿತ್ತಲ್ಲ.”

“ಏನಂತ ಹೇಳ್ಲಿ ರೀ?” ಎಂದವನೇ ಕಾಳಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹೋ ಎಂದು ಅತ್ತುಬಿಟ್ಟ.

ಅತ್ತು ಮುಗಿದ ಮೇಲೆ ಹೇಳಿದ. ಆ ಮೀಟರನ್ನು ಅವನು ಹೊಸಪೇಟೆಯ ಪೇಟೆಯಲ್ಲಿ ಆಸೆಪಟ್ಟು ಕೊಂಡಿದ್ದ. ಯಾರ್ಡಿನಲ್ಲಿ ಅಂಥದ್ದು ಯಾರೂ ಕಂಡಿರಲಿಲ್ಲ. ಅದು ಸೊಂಟಕ್ಕೆ ಬಂದ ಮೇಲೆ ಲಾರಿ ಡ್ರೈವರುಗಳೂ ಅವನನ್ನು ಮೇಸ್ತ್ರಿ ಎನ್ನತೊಡಗಿದ್ದರು. ಕೊಟ್ರಮ್ಮ ನಲ್ಲಿಯ ಮಾತು ತೆಗೆದಾಗ ಎಲ್ಲರನ್ನೂ ಕರೆದು ಮೀಟರು ಹಚ್ಚಿ ಸೊನ್ನೆ ತೋರಿಸಿ ನಗಿಸಿದ. ಕರೆಂಟಮ್ಮ ಎಂಬ ಹೆಸರಿಟ್ಟವನೂ ಅವನೇ. ಆಗ ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ವಾರದ ಮೇಲೆ ಒಂದು ದಿನ ಒದ್ದೆ ಕೈಯಲ್ಲಿ ಪೈಪು ಮುಟ್ಟಿದಾಗ ಅವನಿಗೇ ಜುಮ್ಮೆಂದಿತು. ಐ.ಟಿ.ಐ.ಯಲ್ಲಿ ಮೇಷ್ಟ್ರು ತಂತಿ ಸುತ್ತಿ ತೋರಿಸಿದ್ದು ನೆನಪಾಯಿತು. ಯಾರೂ ಇಲ್ಲದ ಹೊತ್ತು ನೋಡಿ ಸುತ್ತಿದ. ಕೊನೆಯ ಸೊನ್ನೆಯ ಜಾಗದಲ್ಲಿ ನಾಲ್ಕು ಕಂಡಿತು.

“ಅವತ್ತ ಮೋಟ್ರು ಬಂದ್ ಮಾಡ್ಬೇಕಿತ್ತಲ್ಲೋ.”

“ಬಂದ್ ಮಾಡಿದ್ರ ಎಲ್ರೂ ಯಾಕ ಅಂತಿದ್ರು ರೀ. ಕೊಟ್ರಮ್ಮ ಹೇಳಿದ್ದ ಖರೇ ಆತು ಅಂತಿದ್ರು. ಅಷ್ಟು ಮಂದಿ ಮುಂದ ನಕ್ಕವ ನಾನು. ಹಬ್ಬಕ್ಕ ಎರಡು ದಿನ ಯಾರ್ಡ್ ಬಂದ್ ಇರ್ತೈತಿ, ಯಾರಿಗೂ ಗೊತ್ತಾಗದಂಗ ರಿಪೇರಿ ಮಾಡೋಣ ಅಂತ ಇದ್ದೆ. ಆಯುಧಪೂಜಿ ದಿನ ಸಾಮಾನು ಮುಟ್ಟಂಗಿಲ್ಲ. ನಾಳೆ ಮಾಡಿದ್ರಾತು ಅಂದ್ಕೊಂಡೆ. ಲಾರಿ ತೊಳಿಯಾಕ ಮಧ್ಯಾಹ್ನ ಯಾರೋ ಬಾಕ್ಸಿನ ಹೊರಗಿನ ಬಟನ್ ಒತ್ತಿ ಮೋಟ್ರು ಹಚ್ಚ್ಯಾರ ರೀ...”

“ಆಕಿ ಸತ್ತ ಮ್ಯಾಲೂ ನನ್ನ ಮುಂದ ಸೊನ್ನಿ ತೋರಿಸಿದೆಲ್ಲ.”

ಕಾಳಪ್ಪ ತಲೆ ಎತ್ತಲಿಲ್ಲ. “ಒಮ್ಮಿ ಸೊನ್ನಿ ಅಂದಿದ್ದೆನಲ್ರಿ” ಎಂದಷ್ಟೇ ಹೇಳಿದ.

ರಾತ್ರಿಯಾಗುವ ಮೊದಲೇ ಬಂಧನದ ಕಾಗದಪತ್ರ ಮುಗಿಯಿತು. ಪಕ್ಕೀರಪ್ಪ 304-ಎ ಎಂದು ಬರೆಯಹೊರಟಿದ್ದ. ನಿರ್ಲಕ್ಷ್ಯದಿಂದಾದ ಸಾವು, ಠಾಣೆಯಲ್ಲೇ ಜಾಮೀನು. ಶಂಭುಲಿಂಗ ಅವನ ಕೈ ತಡೆದು 304, ಎರಡನೆಯ ಭಾಗ ಎಂದು ಬರೆಸಿದ. ಸಾವು ಬರಬಹುದೆಂದು ತಿಳಿದೂ ಮಾಡಿದ್ದು. ಕೋರ್ಟಿನಲ್ಲಿ ನಿಲ್ಲುತ್ತದೋ ಇಲ್ಲವೋ, ಮಣೆ ಮತ್ತು ತಂತಿ ಮಾತಾಡಲಿ ಎಂದುಕೊಂಡ. ಅಂಗಿ ಕಳಚುವಾಗ ಜೇಬಿನಿಂದ ಬನ್ನಿ ಎಲೆ ಉದುರಿದವು. ಎತ್ತಿ ಕಿಟಕಿಯಾಚೆ ಎಸೆದ.

ಚಾರ್ಜ್‌ಶೀಟು ಕೋರ್ಟಿಗೆ ಹೋಗುವ ಹಿಂದಿನ ದಿನ ಹೊನ್ನೂರಮ್ಮನನ್ನು ಕರೆಸಿದರು. ಈ ಸಲವೂ ಅವಳು ಕೂರಲಿಲ್ಲ. ಶಂಭುಲಿಂಗ ತಾನೇ ಓದಿದ. “ನಲ್ಲಿಯಲ್ಲಿ ವಿದ್ಯುತ್ ಹರಿಯುತ್ತಿದೆಯೆಂದು ಮೃತ ಕೊಟ್ರಮ್ಮ ಪದೇಪದೇ ಹೇಳಿದ್ದು ಸತ್ಯವಾಗಿತ್ತು. ಆರೋಪಿಗೆ ಅದು ತಿಳಿದಿತ್ತು.”

“ಇನ್ನೊಮ್ಮೆ ಓದ್ರಿ.”

ಓದಿದ.

“ಹೆಸರೆಲ್ಲಿ ಐತಿ ತೋರಸ್ರಿ.” ಶಂಭುಲಿಂಗ ಬೆರಳಿಟ್ಟು ತೋರಿಸಿದ. ಓದು ಬಾರದ ಹೊನ್ನೂರಮ್ಮ ಆ ಜಾಗವನ್ನು ಬಹಳ ಹೊತ್ತು ನೋಡಿದಳು. “ಇಷ್ಟೇ ಐತೇನ್ರಿ? ಮುಂದ ಏನೂ ಇಲ್ಲ?”

“ಇಷ್ಟ ಯವ್ವಾ. ಬರೇ ಕೊಟ್ರಮ್ಮ.”

ಅವಳು ತಲೆಯಾಡಿಸಿದಳು. ತಂಗಿಯ ಚಪ್ಪಲಿ ಕೇಳಿದಳು. ಅದು ಜಪ್ತಿ ಮಾಲು, ಕೇಸು ಮುಗಿಯುವ ತನಕ ಕೊಡಲು ಬರುವುದಿಲ್ಲ ಎಂದು ಪಕ್ಕೀರಪ್ಪ ತಗ್ಗಿದ ದನಿಯಲ್ಲಿ ಹೇಳಿದ. ಸರಿ ಎಂದು ಸೆರಗು ಹೊದ್ದು ಹೊರಟವಳು ಬಾಗಿಲಲ್ಲಿ ನಿಂತು ತಿರುಗಿದಳು.

“ಸಾಹೇಬ್ರ, ತಪ್ಪಾತು ಅಂತ ಅವ ಹೇಳೋದೂ ಬ್ಯಾಡಾಗಿತ್ತು ಬಿಡ್ರಿ. ಕೊಟ್ರಮ್ಮ, ಇವತ್ತೊಂದಿನ ಚಪ್ಪಲಿ ಹಾಕ್ಕೊಂಡು ಹೋಗು ಅಂದಿದ್ರ ಸಾಕಿತ್ತಲ್ರಿ.”

ಅವಳು ಮೆಟ್ಟಿಲಿಳಿದು, ಅದಿರಿನ ಲಾರಿಗಳಿಗೆ ದಾರಿ ಬಿಟ್ಟು, ರಸ್ತೆಯ ಅಂಚು ಹಿಡಿದು ಕಂಪ್ಲಿಯ ಬಸ್ಸಿಗೆ ನಡೆದಳು.